ಅಮ್ಮನ ತುಳಸಿ ಡಬ್ಬಿ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಹಳೆಯ ಹಿತ್ತಾಳೆಯ ಡಬ್ಬಿಯೊಂದಿದೆ. ಅಂಗಳದ ಕೃಷ್ಣತುಳಸಿಯನ್ನು ದ್ವಾದಶಿ, ಭಾನುವಾರಗಳನ್ನು ಬಿಟ್ಟು ಕೊಯ್ದು, ಮೊರದಲ್ಲಿ ಹರಡಿ, ನೆರಳಿನಲ್ಲಿ ಒಣಗಿಸಿ ಅಮ್ಮ ಅದರಲ್ಲಿ ತುಂಬಿಡುತ್ತಾಳೆ. ಬಿಸಿಲಿಗಿಟ್ಟರೆ ಕಂಪೆಲ್ಲ ಹಾರಿಹೋಗುವುದೆಂಬುದು ಅವಳ ಶಾಸ್ತ್ರ. ರಸಾಯನಶಾಸ್ತ್ರದ ಮಾತೂ ಅದೇ. ಎಲೆಯಲ್ಲಿರುವ ಯುಜೆನಾಲ್ ಮೊದಲಾದ ತೈಲಾಂಶಗಳು ಶಾಖಕ್ಕೆ ಆವಿಯಾಗುವಂಥವು. ಲವಂಗಕ್ಕೆ ಆ ಘಾಟನ್ನು ಕೊಡುವುದೂ ಈ ಯುಜೆನಾಲೇ. ಬೆರಳ ನಡುವೆ ಪುಡಿಯಾಗುವಷ್ಟು ಗರಿಗರಿಯಾಗದೆ ಡಬ್ಬಿ ಸೇರಿದರೆ ಬೂಷ್ಟು ಹಿಡಿಯುವುದೆಂದು ಅವಳು ಎರಡೆರಡು ಬಾರಿ ಮುಟ್ಟಿ ನೋಡುತ್ತಾಳೆ.

ಕೆಮ್ಮು ನೆಗಡಿಗಳಿಗೆ ಶುಂಠಿ, ಮೆಣಸು, ಬೆಲ್ಲಗಳೊಡನೆ ಆ ಪುಡಿಯ ಕಷಾಯ ಕುಡಿದೇ ನಾನು ದೊಡ್ಡವನಾದೆ. ಗಂಟಲಿಗೆ ಅದು ಕೊಡುವ ಹಿತವನ್ನು ನನಗೆ ಯಾವ ಗ್ರಂಥವೂ ಹೇಳಬೇಕಾಗಿಲ್ಲ.

ಎರಡು ವರ್ಷಗಳ ಕೆಳಗೆ ತಂದೆಯವರ ಹೃದಯದ ಕವಾಟವೊಂದನ್ನು ಬದಲಿಸಿದರು. ಅಂದಿನಿಂದ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ. ಅಮ್ಮನ ಮಮತೆಯೂ ಅಂದಿನಿಂದಲೇ ಇಮ್ಮಡಿಸಿ, ದಿನಕ್ಕೆರಡು ಲೋಟ ಕಷಾಯ. ಒಂದು ಬೆಳಗ್ಗೆ ಹಲ್ಲುಜ್ಜುವಾಗ ಅವರ ಒಸಡಿನಿಂದ ರಕ್ತ ಒಸರಿತು. ತೋಳಿನ ಮೇಲೆ ನೀಲಿಯ ಕಲೆಗಳು. ವೈದ್ಯರು ರಕ್ತವನ್ನು ಪರೀಕ್ಷಿಸಿ, ಮಾತ್ರೆಯ ಪರಿಣಾಮ ಮಿತಿಮೀರಿದೆಯೆಂದರು. “ಬೇರೇನಾದರೂ ಸೇವಿಸುತ್ತಿದ್ದೀರಾ?” ಎಂದರೆ ತಂದೆಯವರು, “ಏನೂ ಇಲ್ಲ” ಎಂದುಬಿಟ್ಟರು. ತುಳಸಿ ಅವರ ಲೆಕ್ಕದಲ್ಲಿ ಔಷಧವೇ ಅಲ್ಲ, ತೀರ್ಥ! ನಾನೇ ಬಾಯಿ ಬಿಡಬೇಕಾಯಿತು.

ದೋಷವೆಲ್ಲ ತುಳಸಿಯದೆಂದು ವೈದ್ಯರು ಹೇಳಲಿಲ್ಲ. ರಕ್ತ ಹೆಪ್ಪುಗಟ್ಟುವುದನ್ನು ಅದು ನಿಧಾನಗೊಳಿಸೀತೆಂಬುದಕ್ಕೆ ಪ್ರಯೋಗಶಾಲೆಯ ಸೂಚನೆಗಳುಂಟು, ಮನುಷ್ಯರಲ್ಲಿ ಪುರಾವೆ ಸಾಲದು. ಆದರೂ ಈ ಮಾತ್ರೆಯೊಡನೆ ಬೇಡ, ಶಸ್ತ್ರಚಿಕಿತ್ಸೆಗೆ ಎರಡು ವಾರ ಮುನ್ನವೂ ಬೇಡವೆಂದರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರಲ್ಲಿ ಸಕ್ಕರೆಯನ್ನು ಅದು ಇನ್ನಷ್ಟು ಇಳಿಸಬಹುದು. ಗರ್ಭಿಣಿಯರು ಕೇಳದೆ ಕುಡಿಯಬಾರದು. ತೀರ್ಥದ ಎರಡು ದಳಕ್ಕೆ ಲೆಕ್ಕವುಂಟು. ಒಣಗಿ ಪುಡಿಯಾದ ಮೇಲೆ ಒಂದು ಚಮಚದಲ್ಲಿ ಎಷ್ಟು ಎಲೆಗಳಡಗಿವೆಯೋ ಬಲ್ಲವರಾರು?

ಕಷಾಯ ನಿಂತಿತು, ಮಾತ್ರೆಯ ಪ್ರಮಾಣವನ್ನೂ ತಿದ್ದಿದರು. ರಕ್ತ ಹದಕ್ಕೆ ಬಂದಿತು. ಯಾವುದರಿಂದ ಬಂದಿತೆಂದು ಹೇಳಲಾಗದು.

ಅಮ್ಮನಿಗೆ ತಿಳಿಸುವುದೇ ಕಷ್ಟವಾಯಿತು. “ಹಾಗಾದರೆ ನಾನೇ ವಿಷವಿಕ್ಕಿದ ಹಾಗಾಯಿತೇನೋ?” ಎಂದಳು. ಕನ್ನಡದ ಎಂ.ಎ. ಪದವಿ ಆ ಹೊತ್ತಿಗೆ ನನಗೊಂದು ಮಾತನ್ನೂ ಒದಗಿಸಲಿಲ್ಲ.

ವಾರದ ಮೇಲೆ, ಪಾಠ ಹೇಳಿ ಗಂಟಲು ಒಡೆದುಕೊಂಡು ಬಂದವನ ಮುಂದೆ ಲೋಟವೊಂದನ್ನು ತಂದಿಟ್ಟಳು. ನಾನು ಕೈ ಚಾಚಿದೆ. ಅವಳು ಲೋಟವನ್ನು ತುಸು ಹಿಂದಕ್ಕೆಳೆದುಕೊಂಡು ಕೇಳಿದಳು: “ನೀನು ಯಾವ ಮಾತ್ರೆಯನ್ನೂ ನುಂಗುತ್ತಿಲ್ಲ ತಾನೆ?”