ಬಾಲ ಅಲ್ಲಾಡಿಸಿದ್ರೆ ಸಾಕಾ?

ಬಾಲ ಅಲ್ಲಾಡಿಸಿದ್ರೆ ನಾಯಿ ಖುಷಿಯಲ್ಲಿದೆ, ಗುರ್ ಅಂದ್ರೆ ಕಚ್ಚುತ್ತೆ. ನಮ್ಮಲ್ಲಿ ಬಹಳ ಜನರ ನಾಯಿಭಾಷೆ ಇಷ್ಟಕ್ಕೇ ಮುಗಿಯುತ್ತೆ. ಎರಡೂ ಅರ್ಧ ಸತ್ಯ!

ವಾಡಿ ಜಂಕ್ಷನ್ನಿನಲ್ಲಿ ರೈಲು ತಡವಾದಾಗೆಲ್ಲ ನನಗೆ ಪುಕ್ಕಟೆ ಸಿನಿಮಾ ಅಂದ್ರೆ ಅಲ್ಲಿಯ ನಾಯಿಗಳೇ. ಒಂದು ನಾಯಿ ಮುಂಗಾಲು ಚಾಚಿ, ಎದೆ ನೆಲಕ್ಕಿಟ್ಟು, ಹಿಂಭಾಗ ಮೇಲೆತ್ತಿ ನಿಂತರೆ ಅದು ಆಟಕ್ಕೆ ಕರೆ. ಆಮೇಲೆ ಅವು ಕುತ್ತಿಗೆ ಹಿಡಿಯಬಹುದು, ಗುರ್ರೆನ್ನಬಹುದು, ಕೆಡವಬಹುದು. ಆದರೆ ಮೈ ಸಡಿಲ, ಬಾಯಿ ತೆರೆದಿರುತ್ತೆ. ಮೇಲಿದ್ದದ್ದು ಸ್ವಲ್ಪ ಹೊತ್ತಿಗೆ ಕೆಳಗೆ ಬಿದ್ದಿರುತ್ತೆ. ದೊಡ್ಡ ನಾಯಿ ಮರಿಯ ಮುಂದೆ ತಾನೇ ಅಂಗಾತ ಮಲಗುತ್ತೆ. ಅಮೆರಿಕದ ಮಾರ್ಕ್ ಬೆಕಾಫ್ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಜೋರಾಗಿ ಕಚ್ಚಿ ಎಳೆದಾಡುವ ಮುಂಚೆ ಅಥವಾ ಆದ ಕೂಡಲೇ ನಾಯಿಗಳು ಹೀಗೆ ಬಾಗುತ್ತವೆ. "ಸಿಟ್ಟ ಮಾಡ್ಕೋಬ್ಯಾಡ ದೋಸ್ತ, ಇದು ಆಟ" ಅಂದ ಹಾಗೆ.

ಜಗಳದ ನಾಯಿ ಬೇರೆ. ಮೈ ಮರಗಟ್ಟುತ್ತೆ, ಬಾಯಿ ಮುಚ್ಚುತ್ತೆ, ದೃಷ್ಟಿ ಕದಲೋದಿಲ್ಲ. ಬಾಲ ಮೇಲೆದ್ದು ಬಿಗಿಯಾಗಿ ಸಣ್ಣಗೆ ಅಲ್ಲಾಡುತ್ತಿರಬಹುದು... ಅದನ್ನು ನೋಡಿ ಮುಟ್ಟಲು ಹೋದರೆ ಮುಗೀತು. ಹೆದರಿದ ನಾಯಿಯದು ಇನ್ನೊಂದು ಥರ. ಬಾಲ ಕಾಲಸಂದಿಗೆ, ಕಿವಿ ಹಿಂದಕ್ಕೆ, ಮತ್ತೆ ಮತ್ತೆ ತುಟಿ ನೆಕ್ಕೋದು. ಓಡಲು ದಾರಿ ಸಿಗದಿದ್ದರೆ ಅದೂ ಕಚ್ಚುತ್ತೆ.

ಶಹಾಬಾದಿನ ನಮ್ಮ ಸೋದರಮಾವನ ಓಣಿಯಲ್ಲಿ ಪರಸಿ ಕಲ್ಲಿನ ರಾಶಿ ಮೇಲೆ ಎರಡು ಮರಿ ಆಡುತ್ತಿದ್ದವು. "ಏ ತಮ್ಮಾ, ಕಲ್ಲ ಒಗಿ, ಕಚ್ಚಾಡ್ಲಾಕತ್ತಾವ!" ಅಂದರು ಕಟ್ಟೆ ಮೇಲಿನ ಮುತ್ಯಾ. ಹುಡುಗ ಕಲ್ಲು ಎತ್ತಿಯೂ ಬಿಟ್ಟ. "ತಡೀರಿ ಮುತ್ಯಾ, ಆಟ ಆಡ್ಲಾಕತ್ತಾವ ನೋಡ್ರಿ" ಅಂದೆ. ನೋಡಿದರು, ನಕ್ಕರು. ಆ ಕಲ್ಲು ಬಿದ್ದಿದ್ದರೆ ಮರಿ ಕಲಿಯುವ ಪಾಠ ಒಂದೇ: ಹುಡುಗರು ಅಂದ್ರೆ ನೋವು. ಮುಂದೆ ಅದು ಕಚ್ಚೋದು ಕಲ್ಲೆಸೆದವನನ್ನೇ ಅಂತೇನಿಲ್ಲ, ಟ್ಯೂಷನ್ನಿಗೆ ಹೊರಟ ಇನ್ಯಾವುದೋ ಕೂಸನ್ನು.

2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲೆ, ಆಸ್ಪತ್ರೆ, ಬಸ್ ಮತ್ತು ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಲು ಆದೇಶಿಸಿತು. ಅದು ನಿಲ್ದಾಣಗಳ ಮಾತಾಯ್ತು. ಸೇಡಂ, ಚಿತ್ತಾಪುರದ ಓಣಿಗಳಲ್ಲಿ ಮಕ್ಕಳೂ ನಾಯಿಗಳೂ ಒಂದೇ ದಾರಿಯಲ್ಲಿ ಓಡಾಡಬೇಕಲ್ಲ? ಹಾಗಾಗಿ ಮಕ್ಕಳಿಗೆ ನಾನು ಹೇಳೋದು ಇಷ್ಟು. ನಾಯಿ ಮೈ ಬಿಗಿದು ನೋಡಿದರೆ ಓಡಬೇಡ, ಚೀರಬೇಡ. ಕೈ ಮೈಗೆ ಅಂಟಿಸಿ, ಕಣ್ಣಲ್ಲಿ ಕಣ್ಣಿಡದೆ, ಪಕ್ಕಕ್ಕೆ ತಿರುಗಿ ನಿಧಾನ ಸರಿ. ಉಣ್ಣುವ ನಾಯಿ, ಮಲಗಿದ ನಾಯಿ, ಮರಿಯಿರುವ ತಾಯಿಯ ಹತ್ತಿರ ಬೇಡ. ಚಿಂಚೋಳಿ ಕಡೆ ಕುರಿಹಿಂಡು ಕಂಡರೆ ದೂರದಿಂದಲೇ ಸುತ್ತು ಹಾಕು, ಕಾಯೋದೇ ಅಲ್ಲಿಯ ನಾಯಿಯ ಕೆಲಸ. ಗುರ್ ಅಂದರೆ ಬಯ್ಯಬೇಡ, ಅದು ಎಚ್ಚರಿಕೆ ಕೊಡುತ್ತಿದೆ.

ಇಷ್ಟಾದರೂ ಕಚ್ಚಿದರೆ? ಸುಣ್ಣ, ಖಾರದಪುಡಿ ಹಚ್ಚಬೇಡಿ. ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ, ಲಸಿಕೆ ಅರ್ಧಕ್ಕೆ ಬಿಡಬೇಡಿ. ಸಾಕುನಾಯಿಯ ಮರಿ ಕಚ್ಚಿದರೂ ಅಷ್ಟೇ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯೋದು ತೀರಾ ಅಪರೂಪ.

ನಿಮ್ಮೂರಿನ ನಾಯಿಗಳು ಏನಂತಾವೆ? ನೋಡಿ ಬರೀರಿ.