ಗಡಿನಾಡಿನ ಹಳೇ ಲಾರಿಗಳು: ಮಾಕಣಿಯಿಂದ ಸಸ್ತಾಪುರ ಬಂಗ್ಲೆಗೆ

ಮಹಾರಾಷ್ಟ್ರದ ಧಾರಾಶಿವ ಜಿಲ್ಲೆಯಲ್ಲಿ (ಮೊದಲಿನ ಹೆಸರು ಉಸ್ಮಾನಾಬಾದ್), ತೇರ್ಣಾ ನದಿಯ ದಂಡೆಯ ಮೇಲೆ ಮಾಕಣಿ ಎಂಬ ಊರಿದೆ. ನದಿಗೆ ಇಲ್ಲಿ ಅಣೆಕಟ್ಟು ಕಟ್ಟಿದ್ದಾರೆ. 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ನೆಲಸಮವಾದ ಕಿಲ್ಲಾರಿ ಇಲ್ಲಿಗೆ ಹತ್ತಿರ. ಸುತ್ತಲೂ ಕಪ್ಪು ಮಣ್ಣಿನ ಹೊಲಗಳು. ತೊಗರಿ, ಸೋಯಾ, ಜೋಳ, ನೀರಿದ್ದಲ್ಲಿ ಕಬ್ಬು. ಉಮರ್ಗಾ, ನಿಲಂಗಾ, ಉದಗೀರದ ಕಡೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಕುಟುಂಬಗಳು ಇಂದಿಗೂ ಇವೆ.

ಬೆಳೆದದ್ದು ಪೇಟೆ ಸೇರಬೇಕಾದರೆ ಲಾರಿಯೇ ಬೇಕು. ತೊಗರಿ ಲಾತೂರ, ಉದಗೀರದ ದಾಲ್ ಮಿಲ್ಲುಗಳಿಗೆ, ಕಬ್ಬು ಸಕ್ಕರೆ ಕಾರ್ಖಾನೆಗಳಿಗೆ ಹೋಗುತ್ತದೆ. ಹೊಸ ಲಾರಿ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡು ತಾವೇ ಓಡಿಸುವವರು ಬಹಳ. ಅವರ ಮನೆಯ ನೆಮ್ಮದಿ ನಿಂತಿರುವುದು ಒಂದೇ ಲೆಕ್ಕದ ಮೇಲೆ: ಲೀಟರ್ ಡೀಸೆಲ್‌ಗೆ ಗಾಡಿ ಎಷ್ಟು ಕಿಲೋಮೀಟರ್ ಓಡಿತು? ಈ ಕಡೆ ಇದಕ್ಕೆ ‘ಆವರೇಜ್’ ಎನ್ನುತ್ತಾರೆ.

ಉಮರ್ಗಾದಿಂದ ಹೈದರಾಬಾದ್ ಹೆದ್ದಾರಿ ಹಿಡಿದು ಗಡಿ ದಾಟಿದರೆ ಬೀದರ್ ಜಿಲ್ಲೆಯ ಬಸವಕಲ್ಯಾಣದ ತಿರುವು, ಸಸ್ತಾಪುರ ಬಂಗ್ಲಾ, ಸಿಗುತ್ತದೆ. ಈ ಹೆದ್ದಾರಿ ಮೊದಲು 9ನೇ ನಂಬರ್, ಈಗ 65. ಶರಣರ ಕಲ್ಯಾಣವೆಂದು ನಾಡಿಗೆಲ್ಲ ಗೊತ್ತಿರುವ ಈ ಊರು ಲಾರಿಯವರಿಗೆ ಆಟೋನಗರದಿಂದ ಪರಿಚಿತ. ಬಾಡಿ ಕಟ್ಟುವವರು, ವೆಲ್ಡಿಂಗ್‌ನವರು, ಎಂಜಿನ್ ಬಿಚ್ಚುವವರು, ಹಳೇ ಸಾಮಾನು ಮಾರುವವರು, ಎಲ್ಲರೂ ಇಲ್ಲಿ ಸಾಲಾಗಿ ಸಿಗುತ್ತಾರೆ. ಒಂದೇ ಗ್ಯಾರೇಜಿನಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಕಿವಿಗೆ ಬೀಳುತ್ತವೆ. ಮೆಕ್ಯಾನಿಕ್ಕನಿಗೆ ಇಲ್ಲಿ ‘ಮಿಸ್ತ್ರಿ’ ಎಂದು ಗೌರವದ ಹೆಸರು.

ಆವರೇಜ್ ಬಿದ್ದಿದೆ ಎಂದು ಬಂದ ಗಾಡಿಯ ಎಂಜಿನ್ನನ್ನು ಒಳ್ಳೆಯ ಮಿಸ್ತ್ರಿ ಕೂಡಲೇ ಬಿಚ್ಚುವುದಿಲ್ಲ. ಮೊದಲು ಖರ್ಚಿಲ್ಲದ್ದನ್ನು ನೋಡುತ್ತಾನೆ.

ಟೈರಿನ ಹವಾ: ಹವಾ ಕಡಿಮೆಯಾದರೆ ಟೈರು ನೆಲಕ್ಕೆ ಹೆಚ್ಚು ಒತ್ತಿಕೊಂಡು ಎಳೆತ ಹೆಚ್ಚುತ್ತದೆ. ಹಿಂದಿನ ಜೋಡಿ ಟೈರುಗಳಲ್ಲಿ ಒಂದು ಸಡಿಲವಾದರೆ ಇನ್ನೊಂದರ ಮೇಲೆ ಭಾರ ಬಿದ್ದು ಎರಡೂ ಹಾಳು. ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ ಹವಾ ನೋಡಬೇಕು. ಬೇಸಿಗೆಯಲ್ಲಿ ಬಿಸಿಯಾದ ಟೈರಿನಿಂದ ಹವಾ ಬಿಡುವ ಅಭ್ಯಾಸ ತಪ್ಪು. ತಣ್ಣಗಾದಾಗ ಅದು ಇನ್ನೂ ಇಳಿದಿರುತ್ತದೆ.

ಬ್ರೇಕ್: ಒಂದಷ್ಟು ದೂರ ಓಡಿ ನಿಂತಾಗ ಒಂದು ಚಕ್ರದ ಡ್ರಮ್ ಮಾತ್ರ ಹೆಚ್ಚು ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಜಾಕ್ ಏರಿಸಿ ಚಕ್ರವನ್ನು ಕೈಯಿಂದ ತಿರುಗಿಸಿದರೆ ತಿಳಿಯುತ್ತದೆ. ಬೇರಿಂಗ್ ಗ್ರೀಸು, ಚಕ್ರದ ಅಲೈನ್‌ಮೆಂಟ್ ಕೂಡ ಆಗಲೇ ನೋಡಿಸಬೇಕು.

ಏರ್ ಫಿಲ್ಟರ್: ಕಬ್ಬಿನ ಹೊಲದ ದಾರಿಯ ಧೂಳಿಗೆ ಫಿಲ್ಟರ್ ಬೇಗ ಕಟ್ಟುತ್ತದೆ. ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗಿ ಹೋಗುತ್ತದೆ. ಜೋರಾದ ಗಾಳಿ ಬಿಟ್ಟು ಅದನ್ನು ಮತ್ತೆ ಮತ್ತೆ ಊದಿದರೆ ಕಾಗದ ಹರಿದು ಧೂಳು ಎಂಜಿನ್ನಿಗೇ ಇಳಿಯುತ್ತದೆ. ಸಮಯಕ್ಕೆ ಬದಲಿಸುವುದೇ ಲಾಭ.

ಸೋರಿಕೆ: ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ಸುಮಾರು 4 ಲೀಟರ್ ನೆಲದ ಪಾಲು.

ಥರ್ಮೋಸ್ಟಾಟ್: ಎಂಜಿನ್ ಕಾಯುತ್ತದೆಂದು ಇದನ್ನು ತೆಗೆದೇ ಹಾಕಿರುವ ಹಳೇ ಗಾಡಿಗಳುಂಟು. ಎಂಜಿನ್ನಿನ ನೀರು ಸುಮಾರು 80 ಡಿಗ್ರಿ ಬಿಸಿಯಾಗುವ ತನಕ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವುದು ಇದರ ಕೆಲಸ. ಅದಿಲ್ಲದಿದ್ದರೆ ಎಂಜಿನ್ ತಣ್ಣಗೇ ಓಡಿ ಡೀಸೆಲ್ ಹೆಚ್ಚು ಕುಡಿಯುತ್ತದೆ. ರೇಡಿಯೇಟರ್ ತೊಳೆಸುವುದು ಸರಿಯಾದ ಔಷಧ, ಥರ್ಮೋಸ್ಟಾಟ್ ಕೀಳುವುದಲ್ಲ.

ಇಷ್ಟಾದ ಮೇಲೂ ಹೊಗೆ ನಿಲ್ಲದಿದ್ದರೆ ಮಾತ್ರ ನಾಝಲ್, ಪಂಪು, ಟ್ಯಾಪೆಟ್ ಕಡೆಗೆ ಹೋಗಬೇಕು.

ರಿಪೇರಿಯಿಂದ ಲಾಭವಾಯಿತೇ ಎಂದು ತಿಳಿಯಲು ಒಂದು ನೋಟ್‌ಬುಕ್ ಸಾಕು. ಟ್ಯಾಂಕ್ ಫುಲ್ ಮಾಡಿಸಿ ಕಿಲೋಮೀಟರ್ ಬರೆಯಿರಿ. ಮುಂದಿನ ಸಲ ಫುಲ್ ಮಾಡಿಸಿದಾಗ ಹಿಡಿದ ಲೀಟರಿನಿಂದ ಓಡಿದ ಕಿಲೋಮೀಟರನ್ನು ಭಾಗಿಸಿ. ತಿಂಗಳಿಗೆ 6,000 ಕಿಲೋಮೀಟರ್ ಓಡುವ ಗಾಡಿ ಲೀಟರಿಗೆ 4 ಕೊಟ್ಟರೆ 1,500 ಲೀಟರ್ ಬೇಕು. ನಾಲ್ಕೂವರೆ ಕೊಟ್ಟರೆ 1,333 ಸಾಕು. ಲೀಟರಿಗೆ 90 ರೂಪಾಯಿ ಹಿಡಿದರೂ ತಿಂಗಳಿಗೆ 15,000 ರೂಪಾಯಿ ಉಳಿಯಿತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರದ ನಿಯಂತ್ರಣ ಹೋಯಿತು. ಬೆಲೆ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಈ ಅರ್ಧ ಕಿಲೋಮೀಟರ್.

ಗಾಡಿ ಓಡಿಸುವ ರೀತಿಯೂ ಮುಖ್ಯ. ಗಂಟೆಗೆ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಹೋದರೆ ಇಂಧನ ಉಳಿಯುತ್ತದೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಸ್ಥೆ ಹೇಳುತ್ತಾ ಬಂದಿದೆ. ಸಕ್ಕರೆ ಕಾರ್ಖಾನೆಯ ಮುಂದೆ ಸಾಲಿನಲ್ಲಿ ನಿಂತಾಗ ಎಂಜಿನ್ ಆರಿಸುವುದಕ್ಕೆ ಮಿಸ್ತ್ರಿಯ ಸಹಾಯ ಬೇಕಿಲ್ಲ.

ಸಾಲದ ಕಂತು, ಮಕ್ಕಳ ಶಾಲೆಯ ಫೀಸು, ತಂದೆತಾಯಿಯ ಔಷಧ ಎಲ್ಲವೂ ಲಾರಿಯ ದುಡಿಮೆಯಿಂದಲೇ ಬರಬೇಕಾದ ಮನೆಗಳು ನಮ್ಮ ನಡುವೆಯೂ ಇವೆ. ಅಂಥ ಮನೆಯಲ್ಲಿ ಲೆಕ್ಕದ ನೋಟ್‌ಬುಕ್ ಡ್ರೈವರನ ಸೀಟಿನ ಕೆಳಗಷ್ಟೇ ಇದ್ದರೆ ಸಾಲದು. ವಾರಕ್ಕೊಮ್ಮೆ ಮನೆಗೆ ಬಂದಾಗ ಹೆಂಡತಿ, ಮಕ್ಕಳು ಕೂಡಿ ಕುಳಿತು ಅದನ್ನು ನೋಡಲಿ. ಆವರೇಜ್ ಇಳಿದದ್ದು ಮೊದಲು ಅವರ ಕಣ್ಣಿಗೇ ಬಿದ್ದೀತು.