ಬಾವಲಿ, ಹಿಮಚಿರತೆ ಮತ್ತು ರಾಗಿ ಹೊಲದ ಆನೆ

ಕಾಡಿಗೆ ಹೋಗುವಾಗ ನಾನು ಹಕ್ಕಿ ಪುಸ್ತಕ ಒಯ್ಯಲ್ಲ, ಅದಕ್ಕೆ ಫೋನಲ್ಲಿ ಆ್ಯಪ್ ಇದೆ. ಕಳೆದ ನವೆಂಬರಿನಲ್ಲಿ ಕಬಿನಿಗೆ ಹೊರಟಾಗ ಬ್ಯಾಗಿನಲ್ಲಿ ಇದ್ದದ್ದು ಪೀಟರ್ ಮ್ಯಾಥಿಸನ್ ಅವರ ‘ದಿ ಸ್ನೋ ಲೆಪರ್ಡ್’ ಮತ್ತು ಥಾಮಸ್ ನೇಗೆಲ್ ಅವರ ಬಾವಲಿ ಪ್ರಬಂಧದ ಪ್ರಿಂಟ್‌ಔಟ್.

ಮ್ಯಾಥಿಸನ್ 1973ರಲ್ಲಿ ಪ್ರಾಣಿವಿಜ್ಞಾನಿ ಜಾರ್ಜ್ ಶಾಲರ್ ಜೊತೆ ನೇಪಾಳದ ಡೋಲ್ಪೋ ಕಡೆ ನಡೆದರು. ಶಾಲರ್ ಹೊರಟದ್ದು ಅಲ್ಲಿನ ನೀಲಿ ಕುರಿಗಳನ್ನು ನೋಡಲು. ಮ್ಯಾಥಿಸನ್ ಹೆಂಡತಿ ಹಿಂದಿನ ವರ್ಷವಷ್ಟೇ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಝೆನ್ ಧ್ಯಾನ, ಹಿಮ, ದುಃಖ ಎಲ್ಲ ಒಟ್ಟಿಗೇ ನಡೆಯುವ ಪುಸ್ತಕ ಅದು. ಅವರಿಗೆ ಹಿಮಚಿರತೆ ಕಾಣಲೇ ಇಲ್ಲ! ಆದರೂ 1978ರಲ್ಲಿ ಬಂದ ಪುಸ್ತಕಕ್ಕೆ ಅದರದ್ದೇ ಹೆಸರು. ‘ಹುಲಿ ಸಿಕ್ತಾ?’ ಅನ್ನೋ ಒಂದೇ ಪ್ರಶ್ನೆ ಕೇಳುವ ನಮ್ಮ ಆಫೀಸ್ ಗ್ರೂಪ್‌ಗೆ ಇದನ್ನು ವಿವರಿಸೋದು ಕಷ್ಟ.

ನೇಗೆಲ್ ಪ್ರಬಂಧ 1974ರದ್ದು, ಕಬಿನಿ ಅಣೆಕಟ್ಟು ಮುಗಿದ ವರ್ಷ. ಬಾವಲಿ ಶಬ್ದದ ಪ್ರತಿಧ್ವನಿಯಿಂದ ದಾರಿ ಹುಡುಕುತ್ತದೆ. ಅದರ ಮಿದುಳಿನ ಪ್ರತಿ ನರವನ್ನು ತಿಳಿದರೂ ಬಾವಲಿಯಾಗಿ ಇರುವುದು ಬಾವಲಿಗೆ ಹೇಗನ್ನಿಸುತ್ತದೆ ಅನ್ನುವುದು ನಮಗೆ ಸಿಗಲ್ಲ ಅನ್ನೋದು ಅವರ ವಾದ. (ಎಚ್.ಡಿ. ಕೋಟೆ ದಾಟಿ ಕೇರಳದ ಗಡಿಗೆ ಹೋದರೆ ಬಾವಲಿ ಅಂತಲೇ ಒಂದು ಊರಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.)

ಸಫಾರಿಯಲ್ಲಿ ಜಿಂಕೆ, ಕಾಟಿ ಸಿಕ್ಕವು. ಹಿನ್ನೀರು ಇಳಿದು ಹುಲ್ಲು ಚಿಗುರುವ ಬೇಸಿಗೆಯಲ್ಲಿ ಇಲ್ಲಿ ಆನೆಗಳ ಜಾತ್ರೆ. ನವೆಂಬರಿನಲ್ಲಿ ಹಾಗಲ್ಲ, ಆಗ ಅವುಗಳ ಕಣ್ಣು ರಾಗಿ ಮೇಲೆ.

ಹೋಂಸ್ಟೇ ಪಕ್ಕದ ಹೊಲದ ಯಜಮಾನರು ರಾತ್ರಿ ಕಾವಲಿಗೆ ಅಟ್ಟಣೆ ಹತ್ತುತ್ತಿದ್ದರು. ನಾನೂ ಹತ್ತಿದೆ. ಕೆಳಗೆ ಒಂದೂವರೆ ಎಕರೆ ರಾಗಿ, ಸುತ್ತ ಸೋಲಾರ್ ಬೇಲಿ.

“ಕೊಂಬಿಗೆ ಶಾಕ್ ಹೊಡಿಯಲ್ಲ ಅಂತ ಅದುಕ್ಕೆ ಗೊತ್ತು ಸಾ. ಕೊಂಬಲ್ಲೇ ತಂತಿ ಎಳೀತದೆ. ಕೊಂಬಿಲ್ದಿದ್ರೆ ಮರ ತಂದು ಬೇಲಿ ಮೇಲೆ ಕೆಡವ್ತದೆ.”

ನಾನು ಓದಿದ್ದು ಹೇಳಿದೆ. 2005ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಝೂನಲ್ಲಿ ಮೂರು ಆನೆಗಳ ಮುಂದೆ ದೊಡ್ಡ ಕನ್ನಡಿ ಇಟ್ಟರು. ಹ್ಯಾಪಿ ಅನ್ನೋ ಆನೆ ತನ್ನ ಹಣೆ ಮೇಲಿನ ಗುರುತನ್ನು ಕನ್ನಡಿಯಲ್ಲಿ ನೋಡಿ ಸೊಂಡಿಲಿನಿಂದ ಮುಟ್ಟಿಕೊಂಡಿತು. ಅಂದರೆ ಅದಕ್ಕೆ ‘ಇದು ನಾನು’ ಅಂತ ಗೊತ್ತು. ನಮ್ಮ ಕಿವಿಗೆ ಕೇಳದ ತಗ್ಗು ದನಿಯಲ್ಲಿ ಆನೆಗಳು ಮಾತಾಡುತ್ತವೆ ಅಂತ ಕೇಟಿ ಪೇನ್ 1980ರ ದಶಕದಲ್ಲೇ ಕಂಡುಕೊಂಡರು ಅಂತಲೂ ಹೇಳಿದೆ.

ಅವರು ಬೀಡಿ ಆರಿಸಿದರು. “ಒಳಗೆ ಒಬ್ಬ ಕೂತವ್ನೆ ಅಂತ ಕನ್ನಡಿ ಇಟ್ಟು ನೋಡ್ಬೇಕಾ? ಇಲ್ದಿದ್ರೆ ನಾವ್ಯಾಕೆ ನಿದ್ದೆ ಕೆಡೋದು ಸಾ?” ಆಮೇಲೆ ಕೇಳಿದರು, “ಬೇಲಿ ಬಗ್ಗೆ ಏನಾರ ಬರ್ದವ್ರಾ ನಿಮ್ ಪುಸ್ತಕದಲ್ಲಿ?”

ಬರೆದಿರಲಿಲ್ಲ. ನೇಗೆಲ್‌ಗೆ ಬಾವಲಿಯ ಒಳಗು ಒಂದು ಪ್ರಶ್ನೆ. ಇವರಿಗೆ ಆನೆಯ ಒಳಗು ವರ್ಷದ ಊಟ, ಕೆಲವೊಮ್ಮೆ ಜೀವ. ಹಾಗಂತ ಅವರ ಮಾತಲ್ಲಿ ಸಿಟ್ಟು ಕಾಣಲಿಲ್ಲ. “ಅದೂ ಮರಿ ಕರ್ಕೊಂಡು ಬತ್ತದೆ” ಅಂದರು ಅಷ್ಟೇ.

ಎರಡು ಗಂಟೆಗೆ ಹೊಲದಾಚೆ ಬಿದಿರು ಲಟಲಟ ಮುರಿಯಿತು. ಟಾರ್ಚ್ ಬೆಳಕಿಗೆ ಏನೂ ಕಾಣಲಿಲ್ಲ. ಅವರು ತಗಡಿನ ಡಬ್ಬ ಬಡಿದು, “ಹೋಗಪ್ಪ, ಹೋಗು” ಅಂತ ಪಕ್ಕದ ಮನೆಯವರಿಗೆ ಹೇಳುವಂತೆ ಹೇಳಿದರು. ಸದ್ದು ನಿಂತಿತು. ಅದು ಹೋಯಿತೋ, ನಿಂತು ನಮ್ಮನ್ನೇ ಕೇಳಿಸಿಕೊಳ್ಳುತ್ತಿತ್ತೋ, ಬೆಳಗಿನವರೆಗೂ ತಿಳಿಯಲಿಲ್ಲ.

ಭಾನುವಾರ ಮಧ್ಯಾಹ್ನ ನಾನು ಬೆಂಗಳೂರಿನ ಬಸ್ ಹತ್ತಿದೆ. ರಾಗಿ ಕೊಯ್ಲಿಗೆ ಇನ್ನೂ ನಾಲ್ಕು ರಾತ್ರಿ ಇತ್ತು.